ನೆಟ್‌ಮಾಸ್ಕ್ ತಪ್ಪಿದರೆ ಅರ್ಧ ನೆಟ್‌ವರ್ಕ್

ಲಿನಕ್ಸ್ ಕಂಪ್ಯೂಟರಿಗೆ ಸ್ಥಿರ ಐಪಿ ವಿಳಾಸ ಕೊಡುವಾಗ ಹೆಚ್ಚಿನವರು ವಿಳಾಸವನ್ನು ಎರಡೆರಡು ಸಲ ನೋಡುತ್ತಾರೆ, ನೆಟ್‌ಮಾಸ್ಕನ್ನು ನೋಡುವುದೇ ಇಲ್ಲ. ವಿಳಾಸದ 32 ಬಿಟ್‌ಗಳಲ್ಲಿ ಜಾಲದ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ಹೇಳುವುದು ಈ ಮಾಸ್ಕ್. ಪ್ಯಾಕೆಟ್ಟನ್ನು ನೇರವಾಗಿ ತಲುಪಿಸಬೇಕೋ ಗೇಟ್‌ವೇಗೆ ಒಪ್ಪಿಸಬೇಕೋ ಎಂದು ಯಂತ್ರ ತೀರ್ಮಾನಿಸುವುದು ಇದರಿಂದಲೇ.

ಕಂಪ್ಯೂಟರ್ 192.168.1.10, ಪ್ರಿಂಟರ್ 192.168.1.200 ಎಂದಿರಲಿ. ಮಾಸ್ಕ್ 255.255.255.0 ಇದ್ದರೆ ಎರಡೂ ಒಂದೇ ಜಾಲ. ಕಂಪ್ಯೂಟರಿನಲ್ಲಿ ಕೊನೆಯ ಸೊನ್ನೆಯ ಬದಲು 128 ಬಿದ್ದರೆ 126ರವರೆಗಿನವು ಮಾತ್ರ ಅದಕ್ಕೆ ನೆರೆಯವು, ಪ್ರಿಂಟರ್ ಹೊರಗಿನದು. ಗೇಟ್‌ವೇ ಆ ವ್ಯಾಪ್ತಿಯೊಳಗಿದ್ದರೆ ಇಂಟರ್ನೆಟ್ ಸಲೀಸು, ಪ್ರಿಂಟ್ ಬರುವುದು ಮಾತ್ರ ರೂಟರ್ ಆ ಪ್ಯಾಕೆಟ್ಟನ್ನು ಹಿಂದಕ್ಕೆ ತಿರುಗಿಸಿದರೆ. ಹೀಗೆ ಅರ್ಧಂಬರ್ಧ ನಡೆಯುವ ಜಾಲದಲ್ಲಿ ಮೊದಲ ಅನುಮಾನ ಮಾಸ್ಕಿನ ಮೇಲಿರಲಿ.

ವಿಳಾಸ ಕೊಡುವ ‘ಐಪಿ’ ಆಜ್ಞೆಯಲ್ಲಿ ಇನ್ನೊಂದು ಅಪಾಯ ಇದೆ. ವಿಳಾಸದ ಕೊನೆಗೆ ಸ್ಲ್ಯಾಶ್ 24 (255.255.255.0 ಮಾಸ್ಕಿನ ಚಿಕ್ಕ ರೂಪ) ಬರೆಯದಿದ್ದರೆ ಲಿನಕ್ಸ್ ಅದನ್ನು ಸ್ಲ್ಯಾಶ್ 32 ಎಂದೇ ಹಿಡಿಯುತ್ತದೆ. ಆ ಜಾಲದಲ್ಲಿ ತಾನೊಬ್ಬನೇ ಎಂಬ ಲೆಕ್ಕ. ಆಗ ಗೇಟ್‌ವೇಯೂ ಸಿಗದು. ಹಳೆಯ ‘ಇಫ್‌ಕಾನ್ಫಿಗ್’ 1993ಕ್ಕಿಂತ ಹಿಂದಿನ ವರ್ಗಪದ್ಧತಿಯಂತೆ ತಾನೇ ಊಹಿಸಿ, 10ರಿಂದ ಶುರುವಾಗುವ ವಿಳಾಸಕ್ಕೆ 255.0.0.0 ಅಂಟಿಸುತ್ತದೆ. ‘ಐಪಿ ರೂಟ್ ಗೆಟ್’ ಎಂದು ಪ್ರಿಂಟರಿನ ವಿಳಾಸ ಕೊಟ್ಟರೆ ದಾರಿ ಯಾವುದೆಂದು ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಕೇಬಲ್ ಕಿತ್ತು ಸಿಕ್ಕಿಸುವುದಕ್ಕಿಂತ ಇದು ಲೇಸು.

ಸುಳ್ಯದ ಅಜ್ಜಾವರದಂಥ ಊರುಗಳಲ್ಲಿ ಜಾಲ ಕೈಕೊಡಲು ಸಿಡಿಲೂ ಒಂದು ಕಾರಣ. ಸುಟ್ಟ ರೂಟರಿನ ಜಾಗಕ್ಕೆ ಬಂದ ಹೊಸದು 192.168.0.1 ಆಗಿದ್ದರೆ, 192.168.1ರಲ್ಲಿ ಕುಳಿತ ಸ್ಥಿರ ವಿಳಾಸದ ಯಂತ್ರ ಅನಾಥ. ಮೊಬೈಲುಗಳು ಮಾತ್ರ ವಿಳಾಸವನ್ನು ತಾನಾಗಿಯೇ ಹಂಚುವ ಡಿಎಚ್‌ಸಿಪಿಯಿಂದ ಹೊಸದನ್ನು ಪಡೆದು ಆರಾಮವಾಗಿರುತ್ತವೆ. ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯೊಳಗಿನ ವಿಳಾಸವನ್ನೇ ಸ್ಥಿರವಾಗಿ ಕೊಟ್ಟರೆ ಒಂದು ದಿನ ಎರಡು ಯಂತ್ರಗಳಿಗೆ ಒಂದೇ ವಿಳಾಸ ಬರುವುದೂ ಉಂಟು. ಗೇಟ್‌ವೇಗೂ 8.8.8.8ಕ್ಕೂ ಪಿಂಗ್ ಹೋಗಿ, ಹೆಸರು ಕೊಟ್ಟಾಗ ಮಾತ್ರ ಸೋತರೆ ತಪ್ಪು ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ನದು.

ಆಜ್ಞೆಯಿಂದ ಮಾಡಿದ ತಿದ್ದುಪಡಿ ರೀಬೂಟ್ ಆದೊಡನೆ ಅಳಿಯುತ್ತದೆ. ಉಳಿಯಬೇಕಾದರೆ ಉಬುಂಟು ಸರ್ವರಿನಲ್ಲಿ ನೆಟ್‌ಪ್ಲ್ಯಾನ್ ಕಡತದಲ್ಲಿ, ಫ್ರೀಬಿಎಸ್‌ಡಿಯಲ್ಲಿ ಆರ್‌ಸಿ ಕಾನ್ಫ್ ಕಡತದಲ್ಲಿ ಬರೆಯಬೇಕು. ‘ನೆಟ್‌ಪ್ಲ್ಯಾನ್ ಟ್ರೈ’ ಎಂದರೆ 120 ಸೆಕೆಂಡಿನೊಳಗೆ ಒಪ್ಪಿಗೆ ಸಿಗದಿದ್ದಲ್ಲಿ ಹಳೆಯ ವ್ಯವಸ್ಥೆಗೆ ಮರಳುತ್ತದೆ. ದೂರದಿಂದ ತಿದ್ದುವವರಿಗೆ ಇದಿಲ್ಲದೆ ಕೈಹಾಕುವುದು ಸಾಹಸವೇ. ಗಡಿಯಾಚೆ ಕಾಸರಗೋಡಿನ ಸರ್ಕಾರಿ ಶಾಲೆಗಳಲ್ಲಿ ಕೇರಳದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಉಬುಂಟು ಆಧಾರಿತ ಲಿನಕ್ಸ್ ಬಳಕೆಯಲ್ಲಿದೆ. ಅಂಥ ಡೆಸ್ಕ್‌ಟಾಪ್‌ಗಳಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ಕಿಟಕಿಯೇ ಸಾಕು.

ಪ್ರಿಂಟರ್, ಸರ್ವರ್ ಬಿಟ್ಟು ಉಳಿದ ಯಂತ್ರಗಳಿಗೆ ಸ್ಥಿರ ವಿಳಾಸದ ಅಗತ್ಯವೇ ಇಲ್ಲ. ಬೇಕೇಬೇಕಾದರೆ ರೂಟರಿನಲ್ಲೇ ಮ್ಯಾಕ್ ವಿಳಾಸಕ್ಕೆ ಐಪಿ ಕಾಯ್ದಿರಿಸುವುದು ಉತ್ತಮ.