ಅರಿಸ್ಟಾಟಲ್ ತಪ್ಪೆಂದು ನಿಮಗೆ ಹೇಗೆ ಗೊತ್ತು?

'ಭಾರವಾದ ವಸ್ತು ಬೇಗ ಬೀಳುತ್ತದೆ ಎಂದು ಅರಿಸ್ಟಾಟಲ್ ಹೇಳಿದ. ಪೀಸಾ ಗೋಪುರದಿಂದ ಗುಂಡುಗಳನ್ನು ಬೀಳಿಸಿ ಗೆಲಿಲಿಯೊ ಅದನ್ನು ಅಲ್ಲಗಳೆದ.' ಪ್ರಾಚೀನ ಗ್ರೀಕರ ಬಗ್ಗೆ ನಮ್ಮ ತರಗತಿಗಳಲ್ಲಿ ಕೇಳಿಬರುವುದು ಹೆಚ್ಚುಕಡಿಮೆ ಇಷ್ಟೇ. ಹಲವು ವರ್ಷ ನಾನೂ ಹೀಗೆಯೇ ಪಾಠ ಮಾಡಿದ್ದೇನೆ. ಹರಿಹರದಿಂದ ದಾವಣಗೆರೆಗೆ ಓದಲು ಬರುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಒಮ್ಮೆ ಕೇಳಿದೆ: 'ಅರಿಸ್ಟಾಟಲ್ ತಪ್ಪೆಂದು ನಿನಗೆ ಹೇಗೆ ಗೊತ್ತು?' 'ಪುಸ್ತಕದಲ್ಲಿದೆ ಸರ್' ಎಂದ. ಮಧ್ಯಯುಗದ ಯೂರೋಪಿನ ವಿದ್ಯಾರ್ಥಿಯೂ ಇಂಥದೇ ಉತ್ತರ ಕೊಡುತ್ತಿದ್ದನೇನೋ. ಪುಸ್ತಕ ಮಾತ್ರ ಬೇರೆ!

ಈ ಪಾಠದಲ್ಲಿ ಎರಡು ದೋಷಗಳಿವೆ. ಮೊದಲನೆಯದಾಗಿ, ಅದು ಅಪೂರ್ಣ. ಅರಿಸ್ಟಾಟಲ್ (ಕ್ರಿ.ಪೂ. 384–322) ಚರ್ಚಿಸಿದ್ದು ಗಾಳಿ, ನೀರಿನಂಥ ಮಾಧ್ಯಮಗಳಲ್ಲಿನ ಚಲನೆಯನ್ನು. ತುಂಗಭದ್ರೆಯ ನೀರನ್ನು ಎತ್ತರದ ಜಾಡಿಯಲ್ಲಿ ತುಂಬಿ, ಒಂದೇ ಗಾತ್ರದ ಗಾಜಿನ ಗೋಲಿಯನ್ನೂ ಉಕ್ಕಿನ ಗುಂಡನ್ನೂ ಒಟ್ಟಿಗೆ ಬಿಡಿ. ಉಕ್ಕಿನ ಗುಂಡೇ ಮೊದಲು ತಳ ಮುಟ್ಟುತ್ತದೆ. ಹರಳೆಣ್ಣೆಯಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಈಗ ಅವನ್ನೇ ಗಾಳಿಯಲ್ಲಿ 2 ಮೀಟರ್ ಎತ್ತರದಿಂದ ಬಿಡಿ. ಉಕ್ಕಿನ ಗುಂಡು ಸುಮಾರು ಮೂರು ಪಟ್ಟು ಭಾರವಾಗಿದ್ದರೂ ಎರಡೂ ಸುಮಾರು 0.64 ಸೆಕೆಂಡಿನಲ್ಲಿ, ಒಟ್ಟಿಗೇ ನೆಲ ಮುಟ್ಟುತ್ತವೆ. ಅರಿಸ್ಟಾಟಲ್ ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದನ್ನು ಈಗ ನೀವೇ ಕಂಡಿರಿ. ಗಾಳಿಯಲ್ಲಿ ಬೀಳುವ ಕಾಲ ತೂಕದ ಅನುಪಾತದಲ್ಲಿ ಇರುವುದಿಲ್ಲವೆಂದು ಅಲೆಕ್ಸಾಂಡ್ರಿಯದ ಫಿಲೊಪೊನಸ್ 6ನೆಯ ಶತಮಾನದಲ್ಲಿಯೇ, ಗೆಲಿಲಿಯೊಗಿಂತ ಸುಮಾರು ಸಾವಿರ ವರ್ಷ ಮೊದಲು, ಬರೆದಿದ್ದ.

ಎರಡನೆಯದಾಗಿ, ಈ ಪಾಠ ಉತ್ತರಗಳನ್ನಷ್ಟೇ ಹೇಳಿ ವಾದವನ್ನು ಮರೆಮಾಡುತ್ತದೆ. ಕ್ರಿ.ಪೂ. 6ನೆಯ ಶತಮಾನದಲ್ಲಿ ಮಿಲೆಟಸ್‌ನ ಥೇಲ್ಸ್, ಜಗತ್ತಿನ ಮೂಲ ನೀರು ಎಂದ. ಅವನ ಶಿಷ್ಯನೆನ್ನಲಾದ ಅನಾಕ್ಸಿಮಾಂಡರ್ ಒಪ್ಪಲಿಲ್ಲ; ಮೂಲವಸ್ತು ನಾವು ಬಲ್ಲ ಯಾವ ವಸ್ತುವೂ ಅಲ್ಲ ಎಂದ. ಅನಂತರ ಬಂದ ಅನಾಕ್ಸಿಮೆನೀಸ್ ಗಾಳಿ ಎಂದ. ಇಂದಿನ ದೃಷ್ಟಿಯಲ್ಲಿ ಮೂವರದೂ ತಪ್ಪೇ. ಆದರೆ ನಿಸರ್ಗದ ಘಟನೆಗೆ ನಿಸರ್ಗದಲ್ಲೇ ಕಾರಣ ಹುಡುಕಿದರು. ಹಿಂದಿನವರ ಉತ್ತರವನ್ನು ಕಾರಣ ಕೊಟ್ಟು ತಿದ್ದಿದರು. ವಿಜ್ಞಾನದ ಬೇರು ಇಲ್ಲಿದೆ. ಅಳೆದು ಪರೀಕ್ಷಿಸುವುದನ್ನು ಅವರು ರೂಢಿ ಮಾಡಿಕೊಳ್ಳಲಿಲ್ಲ ಎಂಬುದು ನಿಜವಾದ ಕೊರತೆ. ಪ್ರಯೋಗವನ್ನು ಕರಿಹಲಗೆಯ ಮೇಲೆ ಬರೆದು ಮುಗಿಸುವ ನಮಗೆ ಆ ಕೊರತೆಯನ್ನು ಹಂಗಿಸುವ ಹಕ್ಕಿದೆಯೇ?

ಅಧ್ಯಾಪಕ ಮಿತ್ರರೇ, 'ನಿಮಗೆ ಹೇಗೆ ಗೊತ್ತು ಸರ್?' ಎಂದು ವಿದ್ಯಾರ್ಥಿ ಕೇಳಿದರೆ ಅದನ್ನು ಉದ್ಧಟತನವೆಂದು ಭಾವಿಸಬೇಡಿ. ಗೋಲಿಯನ್ನೂ ಗುಂಡನ್ನೂ ಅವನ ಕೈಗೆ ಕೊಡಿ.