ಅಡುಗೆಮನೆಯಲ್ಲಿ ಪ್ರಾರ್ಥನೆಯ ಪರೀಕ್ಷೆ

ಪ್ರಾರ್ಥನೆಗೆ ಕುಳಿತಾಗ ಗಂಟೆ ಯಾವಾಗ ಹೊಡೆದೀತೋ ಎಂದು ಕಿವಿ ನೆಟ್ಟು ಕಾಯುತ್ತಿದ್ದೆ ಎಂದು ಬರೆದುಕೊಂಡ ಸಂತರು ಎಷ್ಟು ಮಂದಿ ಇದ್ದಾರು? ಆವಿಲಾದ ತೆರೇಸಾ ಬರೆದುಕೊಂಡಿದ್ದಾರೆ. 1535ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಸ್ಪೇನಿನ ಆ ಊರಿನ ಕಾರ್ಮೆಲ್ ಮಠ ಸೇರಿದ ಅವರು ಸುಮಾರು ಎರಡು ದಶಕ ಪ್ರಾರ್ಥನೆಯೊಂದಿಗೆ ಗುದ್ದಾಡಿದರು. ನಡುವೆ ಒಂದು ವರ್ಷಕ್ಕೂ ಮಿಕ್ಕಿ ಮೌನಪ್ರಾರ್ಥನೆಯನ್ನು ಬಿಟ್ಟೇ ಬಿಟ್ಟಿದ್ದರು. 1554ರಲ್ಲಿ, ಹಬ್ಬವೊಂದಕ್ಕೆಂದು ಮಠಕ್ಕೆ ತಂದಿಟ್ಟಿದ್ದ ಗಾಯಗೊಂಡ ಕ್ರಿಸ್ತನ ಪ್ರತಿಮೆಯೆದುರು ಕುಸಿದು ಅತ್ತರು. ಉಪದೇಶಗಳಲ್ಲಿ ತೆರೇಸಾರ ಕಥೆ ಸಾಮಾನ್ಯವಾಗಿ ಈ ಕಣ್ಣೀರಿಗೆ ಬಂದು ನಿಲ್ಲುತ್ತದೆ: ಕಲ್ಲಾಗಿದ್ದ ಹೃದಯ ತೆರೆಯಿತು, ಕೃಪೆ ಹರಿಯಿತು, ಆಮೆನ್. ನನ್ನ ಮಟ್ಟಿಗೆ ಕಥೆ ಶುರುವಾಗುವುದು ಎಂಟು ವರ್ಷಗಳ ನಂತರ, 1562ರ ಆಗಸ್ಟ್ 24ರಂದು ಅವರು ಸಂತ ಜೋಸೆಫರ ಹೆಸರಿನಲ್ಲಿ ಪುಟ್ಟ ಮಠವೊಂದನ್ನು ತೆರೆದಾಗ.

ಹಳೆಯ ಮಠದಲ್ಲಿ ನೂರಕ್ಕೂ ಹೆಚ್ಚು ಸನ್ಯಾಸಿನಿಯರಿದ್ದರು. ಸಿರಿವಂತರ ಹೆಣ್ಣುಮಕ್ಕಳಿಗೆ ಸ್ವಂತ ಕೋಣೆಗಳು, ಊಳಿಗದವರು, ಹೆಸರಿಗೆ ಮೊದಲು ‘ದೋನ್ಯಾ’ ಎಂಬ ಬಿರುದು. ಬಡವರ ಮನೆಯಿಂದ ಬಂದವರಿಗೆ ಸಾಲಾಗಿ ಮಲಗುವ ಹಜಾರ. ಹೊಸ ಮಠಕ್ಕೆ ಹದಿಮೂರು ಜನ ಸಾಕು ಎಂದರು ತೆರೇಸಾ. ಬಿರುದು ಬೇಡ. ಕಸ ಗುಡಿಸುವವರ ಪಟ್ಟಿ ಮದರ್ ಸುಪೀರಿಯರ್ ಹೆಸರಿನಿಂದಲೇ ಆರಂಭವಾಗಲಿ. ಕೈಯಲ್ಲಿ ನೂಲುವ, ಹೊಲಿಯುವ ಕೆಲಸ, ದಿನಕ್ಕೆ ಎರಡು ಗಂಟೆ ಮೌನಪ್ರಾರ್ಥನೆ. ಹೃದಯ ತೆರೆಯುವ ಮಾತಾಡುವವರು ಬಹಳ. ಅದಕ್ಕಾಗಿ ಮನೆಯ ಕೋಣೆಗಳನ್ನೇ ಬದಲಿಸಬೇಕು, ಯಾರು ಯಾರಿಗೆ ನೀರು ತಂದುಕೊಡುತ್ತಾರೆ ಎನ್ನುವುದನ್ನೂ ಬದಲಿಸಬೇಕು ಎಂದು ಕಂಡುಕೊಂಡವರು ವಿರಳ. ಕಾರ್ಮೆಲ್ ಪರಂಪರೆಯ ಹೆಚ್ಚುಗಾರಿಕೆ ಇರುವುದು ದರ್ಶನಗಳಲ್ಲಲ್ಲ, ಇಲ್ಲಿ.

ತಮ್ಮ ಆತ್ಮಕಥೆಯಲ್ಲಿ ಅವರು ಪ್ರಾರ್ಥನೆಯನ್ನು ತೋಟಕ್ಕೆ ನೀರುಣಿಸುವ ನಾಲ್ಕು ಬಗೆಗಳಿಗೆ ಹೋಲಿಸುತ್ತಾರೆ. ಬಾವಿಯಿಂದ ಸೇದುವುದು, ರಾಟೆ ಕಟ್ಟಿ ಎತ್ತುವುದು, ಕಾಲುವೆಯಿಂದ ಹಾಯಿಸುವುದು, ಕೊನೆಗೆ ಮಳೆ. ಮುಂದೆ ಹೋದಂತೆ ದುಡಿಮೆ ಕಡಿಮೆ, ನೀರು ಹೆಚ್ಚು. ಬಯಲುಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಓದುವವರ ಕಣ್ಣೆಲ್ಲ ನಾಲ್ಕನೆಯದರ ಮೇಲೆ, ಆದರೆ ಬರಹದ ಕಸುವು ಇರುವುದು ಮೊದಲನೆಯದರಲ್ಲಿ. ಕೊಡ ಇಳಿಸಿದರೆ ಬಾವಿ ಬತ್ತಿದೆ. ಆಗಲೂ ತೋಟಗಾರ ಬರಬೇಕು, ಹಗ್ಗ ಇಳಿಸಬೇಕು. ನೀರು ಸಿಗದ ದಿನವೂ ಕೆಲಸ ಕೆಲಸವೇ, ಗಿಡ ಉಳಿಸುವ ಹೊಣೆ ತೋಟದ ಒಡೆಯನದು. ಪ್ರಾರ್ಥನೆಯಲ್ಲಿ ಏನೂ ಅನಿಸುತ್ತಿಲ್ಲ ಎಂದು ಕಂಗೆಟ್ಟವರಿಗೆ ಇದಕ್ಕಿಂತ ಮರ್ಯಾದೆಯ ಉತ್ತರ ಕ್ರೈಸ್ತ ಬರಹದಲ್ಲಿ ನನಗೆ ಸಿಕ್ಕಿಲ್ಲ.

ಅನಿಸುವುದರ ಬಗ್ಗೆ ಅವರಿಗೆ ಗುಮಾನಿಯೇ ಹೆಚ್ಚು. ಮಠಗಳನ್ನು ಸ್ಥಾಪಿಸಿದ ಕಥೆ ಹೇಳುವ ಪುಸ್ತಕದಲ್ಲಿ, ಪ್ರಾರ್ಥನೆಯಲ್ಲಿ ಗಂಟೆಗಟ್ಟಲೆ ಮೈಮರೆಯುತ್ತಿದ್ದ ಸನ್ಯಾಸಿನಿಯೊಬ್ಬರ ಪ್ರಸಂಗ ಬರುತ್ತದೆ. ಸುತ್ತಲಿನವರೆಲ್ಲ ಅದನ್ನು ದೈವಾವೇಶ ಎಂದು ಬೆರಗಾಗಿದ್ದರು. ತೆರೇಸಾ ಹೇಳಿದ್ದು ಇಷ್ಟೇ: ಉಪವಾಸ ಬಿಡಿಸಿ, ಹೊಟ್ಟೆ ತುಂಬ ಊಟ ಹಾಕಿ. ಮೈಗೆ ಶಕ್ತಿ ಬಂತು, ಆವೇಶ ಹೋಯಿತು. ಪಾತ್ರೆಪಗಡಗಳ ನಡುವೆಯೂ ದೇವರು ಓಡಾಡುತ್ತಾನೆ ಎಂಬ ಅವರ ಪ್ರಸಿದ್ಧ ಮಾತು ಬರುವುದೂ ಅದೇ ಪುಸ್ತಕದಲ್ಲಿ. ಪ್ರಾರ್ಥನೆ ನಿಜವೋ ಸುಳ್ಳೋ ಎನ್ನುವುದು ಪ್ರಾರ್ಥನೆಯ ಹೊತ್ತಿನಲ್ಲಿ ಗೊತ್ತಾಗುವುದಿಲ್ಲ. ಆಮೇಲೆ ಪಾತ್ರೆ ತೊಳೆಯುವಾಗ, ಪಕ್ಕದವಳ ಕಾಯಿಲೆ ನೋಡಿಕೊಳ್ಳುವಾಗ ಗೊತ್ತಾಗುತ್ತದೆ.

ಅವರ ಸಂಗಾತಿ ಶಿಲುಬೆಯ ಯೊವಾನ್ನರು ಇನ್ನೂ ಕಟ್ಟುನಿಟ್ಟು. ದರ್ಶನ ದೇವರಿಂದಲೇ ಬಂದಿದ್ದರೂ ಅದಕ್ಕೆ ಜೋತುಬೀಳಬೇಡಿ ಎಂದರು. 1577ರ ಡಿಸೆಂಬರಿನಿಂದ ಮರುವರ್ಷ ಆಗಸ್ಟಿನವರೆಗೆ ತಮ್ಮದೇ ಸಭೆಯ ಸೋದರರು ತೊಲೇದೊದ ಇಕ್ಕಟ್ಟಾದ ಕೋಣೆಯೊಂದರಲ್ಲಿ ಕೂಡಿಹಾಕಿದ್ದರೂ ಬದುಕುಳಿದ ಮನುಷ್ಯ ಹೇಳಿದ ಮಾತು ಅದು. ಮುಂದೆ ಫ್ರಾನ್ಸಿನ ಲಿಸ್ಯೂವಿನ ತೆರೇಸಾ ಪ್ರಾರ್ಥನೆಯಲ್ಲಿ ತಮಗೆ ನಿದ್ದೆ ಬರುತ್ತಿತ್ತೆಂದು ಸಂಕೋಚವಿಲ್ಲದೆ ಬರೆದರು, ಇಪ್ಪತ್ನಾಲ್ಕಕ್ಕೆ ಕ್ಷಯದಿಂದ ಸತ್ತರು. 1970ರಲ್ಲಿ ಹಿರಿಯ ತೆರೇಸಾರನ್ನೂ 1997ರಲ್ಲಿ ಕಿರಿಯರನ್ನೂ ಧರ್ಮಸಭೆ ತನ್ನ ಪಂಡಿತರ ಸಾಲಿಗೆ ಸೇರಿಸಿತು.

ಇವತ್ತು ಕಥೋಲಿಕರಲ್ಲಿ ‘ನವೀಕರಣ’ ಎಂದರೆ ಬಹುಪಾಲು ಮಂದಿಗೆ ನೆನಪಾಗುವುದು ಈ ಒಣ ಬಾವಿಯಲ್ಲ. 1967ರ ಫೆಬ್ರವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಡ್ಯುಕೇನ್ ವಿಶ್ವವಿದ್ಯಾಲಯದವರ ಧ್ಯಾನಕೂಟವೊಂದರಲ್ಲಿ ಹುಟ್ಟಿದ ಕ್ಯಾರಿಸ್ಮ್ಯಾಟಿಕ್ ಚಳವಳಿ ನೆನಪಾಗುತ್ತದೆ. ಕೇರಳದ ಮುರಿಂಗೂರು, ನಮ್ಮ ಮುಲ್ಕಿಯ ಧ್ಯಾನಕೇಂದ್ರಗಳು ನೆನಪಾಗುತ್ತವೆ: ಎತ್ತಿದ ಕೈಗಳು, ಹಾಡು, ಕಣ್ಣೀರು, ಮೈಕಿನ ಮುಂದೆ ಸಾಕ್ಷಿ ಹೇಳುವವರ ಸಾಲು. ಇದನ್ನು ಗೇಲಿ ಮಾಡುವ ವಿದ್ಯಾವಂತರ ಸಾಲಿನಲ್ಲಿ ನಾನಿಲ್ಲ. ಮೀನು ಮಾರುವವರೂ ಬೀಡಿ ಕಟ್ಟುವವರೂ ತಮ್ಮ ಮಾತಿನಲ್ಲಿ ಗಟ್ಟಿಯಾಗಿ ದೇವರನ್ನು ಕರೆಯಬಹುದು ಎಂಬ ಧೈರ್ಯ ಕೊಟ್ಟದ್ದು ಅದು. ಗೋಡೆಯೊಳಗೇ ಉಳಿದ ಕಾರ್ಮೆಲ್‌ಗೆ ಅದಾಗಲಿಲ್ಲ. ಆದರೆ ವೇದಿಕೆಯ ಮೇಲಿನ ಸಾಕ್ಷಿಗೆ ಸೋಮವಾರದ ಪರೀಕ್ಷೆ ಇಲ್ಲ. ಅತ್ತು ಹಗುರಾದವರು ಮನೆಗೆ ಹೋಗಿ ಸೊಸೆಯೊಡನೆ ಹೇಗೆ ನಡೆದುಕೊಂಡರು ಎಂದು ಯಾರೂ ಕೇಳುವುದಿಲ್ಲ.

ಕಾರ್ಮೆಲ್ ಗೋಡೆಯೊಳಗೇ ಉಳಿದ ತಪ್ಪು ಕೂಡ ಪೂರ್ತಿ ತೆರೇಸಾರದಲ್ಲ. 1559ರಲ್ಲಿ ಸ್ಪೇನಿನ ಧರ್ಮವಿಚಾರಣಾಧಿಕಾರಿಗಳು ದೇಶಭಾಷೆಯ ಪ್ರಾರ್ಥನಾ ಪುಸ್ತಕಗಳಲ್ಲಿ ಬಹಳಷ್ಟನ್ನು ನಿಷೇಧಿಸಿದರು. ಲ್ಯಾಟಿನ್ ಬಾರದ ಹೆಂಗಸರ ಕೈ ಬರಿದಾಯಿತು. ತೆರೇಸಾ ಬರೆಯತೊಡಗಿದ್ದು ಆ ಕೊರತೆಯ ನಡುವೆ. ಮೌನಪ್ರಾರ್ಥನೆ ತನ್ನಿಂದಾಗದು, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಜಪವಷ್ಟೇ ಗೊತ್ತು ಎಂದು ಕಂಗೆಟ್ಟು ಬಂದ ವಯಸ್ಸಾದವರೊಬ್ಬರ ವಿಷಯವನ್ನೂ ಬರೆದಿದ್ದಾರೆ. ವಿಚಾರಿಸಿ ನೋಡಿದರೆ ಆಕೆ ಆ ಒಂದೇ ಜಪದಲ್ಲಿ ಆಳವಾದ ಧ್ಯಾನಕ್ಕೆ ತಲುಪಿದ್ದರು, ಹೊಟ್ಟೆಕಿಚ್ಚಾಯಿತು ಎನ್ನುತ್ತಾರೆ ತೆರೇಸಾ. ನಂತರದ ಪಂಡಿತರು ಇದನ್ನು ಮರೆತು ಪ್ರಾರ್ಥನೆಗೆ ಮೆಟ್ಟಿಲುಗಳನ್ನೂ ದರ್ಜೆಗಳನ್ನೂ ಕಟ್ಟಿದರು. ಸಂಜೆ ಮನೆಯಲ್ಲಿ ‘ತೇರ್ಸ್’ (ಜಪಮಾಲೆ) ಹೇಳುವ ಮಂಗಳೂರಿನ ಅಜ್ಜಿ ಆ ಲೆಕ್ಕದಲ್ಲಿ ಕೆಳಗಿನ ಮೆಟ್ಟಿಲಿನವಳಾದಳು.

ಈ ಪರಂಪರೆಯ ದೊಡ್ಡ ಬಿರುಕು ಕಾಣಿಸುವುದು ಮಂಗಳೂರಿನಲ್ಲೇ. ಭಾರತದ ಮೊದಲ ಕ್ಲೋಯಿಸ್ಟರ್ (ಗೋಡೆಯೊಳಗೇ ಬಾಳುವವರ) ಕಾರ್ಮೆಲ್ ಕಟ್ಟಲು 1870ರಲ್ಲಿ ಫ್ರಾನ್ಸಿನ ಪೋ ಪಟ್ಟಣದಿಂದ ಹೊರಟ ತಂಡದಲ್ಲಿ ಮರಿಯಮ್ ಬವಾರ್ದಿ ಇದ್ದರು. ಗಲಿಲೇಯದ ಇಬಿಲ್ಲಿನ್ ಹಳ್ಳಿಯ ಅರಬ್ ಹೆಣ್ಣುಮಗಳು, ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡವರು, ಓದು ಬರಹ ಹೆಚ್ಚು ತಿಳಿಯದವರು. ಹಡಗಿನ ಪ್ರಯಾಣದಲ್ಲೇ ಜೊತೆಯ ಸನ್ಯಾಸಿನಿಯರಲ್ಲಿ ಕೆಲವರು ತೀರಿಕೊಂಡರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ಮರಿಯಮ್ ವ್ರತ ಸ್ವೀಕರಿಸಿದರು. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿರುವಾಗಲೇ ಮುಖ ಬೆಳಗುತ್ತಿತ್ತಂತೆ, ಮೈಮರೆಯುತ್ತಿದ್ದರಂತೆ. ದೇವರದೋ, ಭ್ರಮೆಯೋ, ಪಿಶಾಚಿಯದೋ ಎಂಬ ಗುಮಾನಿ ಶುರುವಾಯಿತು. ಮೇಲಿನವರೊಡನೆ ಬಿಗುವು ಬೆಳೆದು 1872ರಲ್ಲಿ ಅವರನ್ನು ಪೋಗೆ ವಾಪಸು ಕಳಿಸಲಾಯಿತು. ಮುಂದೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಿಸುವಾಗ, ಕೆಲಸದಾಳುಗಳಿಗೆ ನೀರು ಒಯ್ಯುತ್ತ ಬಿದ್ದು ಆದ ಗಾಯ ಕೊಳೆತು 1878ರಲ್ಲಿ ಸತ್ತರು. 2015ರಲ್ಲಿ ಸಂತರಾದರು.

ತೆರೇಸಾರ ಅಳತೆಗೋಲು ಎಲ್ಲರ ಕೈಯಲ್ಲಿತ್ತು: ಈಕೆ ದುಡಿಯುತ್ತಾರಾ, ವಿನಯವಿದೆಯಾ, ಇತರರಿಗೆ ಆಗುತ್ತಾರಾ? ಆ ಕೋಲು ಬಳಸಿದವರೂ ಅದೇ ಪರಂಪರೆಯವರು. ಆಗಿನ ಮಂಗಳೂರಿನ ಬಿಷಪ್ ಮರೀ ಎಫ್ರೆಮ್ ಸ್ವತಃ ಕಾರ್ಮೆಲ್ ಸಭೆಯವರು. ಎಡವಿದ್ದು ಎಲ್ಲಿ? ಏನನ್ನು ಪರೀಕ್ಷಿಸಬೇಕೆಂದು ಗೊತ್ತಿತ್ತು. ಪರೀಕ್ಷಕರನ್ನು ಪರೀಕ್ಷಿಸುವ ರೂಢಿ ಇರಲಿಲ್ಲ. ಅನುಭವ ಒಬ್ಬಳದು, ತೀರ್ಪು ಮೇಲಿರುವವರದು. ಆ ಒಬ್ಬಳು ಬೇರೆ ನಾಡಿನವಳು, ಅಡುಗೆಕೆಲಸದ ಕೆಳದರ್ಜೆಯ ಸನ್ಯಾಸಿನಿ ಆಗಿದ್ದರೆ ತೀರ್ಪು ಇನ್ನೂ ಸಲೀಸು. ಹಿಂದೆ ತೆರೇಸಾರಿಗೂ ಇದೇ ಆಗಿತ್ತು. ನಿನ್ನ ದರ್ಶನ ಪಿಶಾಚಿಯದು, ಕ್ರಿಸ್ತ ಕಾಣಿಸಿದರೆ ಬೆರಳು ಮಡಚಿ ಅಸಹ್ಯ ಸನ್ನೆ ಮಾಡು ಎಂದು ಪಾದ್ರಿಯೊಬ್ಬರು ಆಜ್ಞೆ ಮಾಡಿದ್ದರು. ಆಕೆ ನೊಂದುಕೊಂಡೇ ಪಾಲಿಸಿದರು. ಆ ನೋವಿನಿಂದ ಅವರು ಕಲಿತದ್ದು, ಓದಿಕೊಂಡ ಗುರುವನ್ನು ಹುಡುಕಿ, ಅರೆಬೆಂದವರಿಂದ ದೂರವಿರಿ ಎಂಬ ಎಚ್ಚರ. ವಿಧೇಯತೆ ಎಲ್ಲಿ ಮುಗಿಯಬೇಕು ಎಂಬ ಪ್ರಶ್ನೆಗೆ ಆಕೆ ಹೋಗಲಿಲ್ಲ. ಧರ್ಮವಿಚಾರಣೆಯ ಕಾಲದಲ್ಲಿ ಹೆಂಗಸೊಬ್ಬಳು ಹೋಗುವಂತೆಯೂ ಇರಲಿಲ್ಲ.

ಅದೇ 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತೊಲಿಕ್ ಕಾರ್ಮೆಲ್ ಭಗಿನಿಯರು ಬೇರೆ ದಾರಿ ಹಿಡಿದರು. ಸ್ಥಾಪಕಿ ಮದರ್ ವೆರೋನಿಕಾರ ಯೋಜನೆ ಮೌನವೂ ಇರಲಿ, ಶಾಲೆಯೂ ಇರಲಿ ಎಂಬುದು. 1921ರ ಸಂತ ಆಗ್ನೆಸ್ ಕಾಲೇಜು ಅದರ ಫಲ. ಪ್ರಾರ್ಥನೆಯ ಪರೀಕ್ಷೆ ಮಠದೊಳಗಿನ ನಾಲ್ಕು ಜನರ ಕೈಯಿಂದ ಹೊರಬಿದ್ದು, ಪಾಠ ಕೇಳುವ ಹುಡುಗಿಯರ ಕೈಗೂ ಸ್ವಲ್ಪ ಬಂತು ಎನ್ನಬಹುದು.

ಹಾಗೆ ನೋಡಿದರೆ ಮದ್ದು ತೆರೇಸಾರ ಚೀಲದಲ್ಲೇ ಇತ್ತು. 1576ರಲ್ಲಿ, ತಮ್ಮ ಹೆಸರಾಂತ ಪ್ರಾರ್ಥನಾ ಗ್ರಂಥ ‘ಅಂತರಂಗದ ಕೋಟೆ’ಗೆ ಒಂದು ವರ್ಷ ಮೊದಲು, ಮಠಗಳ ತಪಾಸಣೆಗೆ ಬರುವವರಿಗಾಗಿ ಅವರೊಂದು ಕಿರುಹೊತ್ತಗೆ ಬರೆದರು. ಮದರ್ ಸುಪೀರಿಯರ್ ಹೇಳಿದ್ದನ್ನೇ ನಂಬಬೇಡಿ, ಸನ್ಯಾಸಿನಿಯರನ್ನೂ ವಿಚಾರಿಸಿ, ಖರ್ಚುವೆಚ್ಚದ ಪುಸ್ತಕ ತೆರೆದು ನೋಡಿ ಎಂಬ ಧಾಟಿ ಅದರದು. ಧ್ಯಾನಕೂಟಗಳಲ್ಲಿ ಮಾರಾಟಕ್ಕಿಡುವ ಪುಸ್ತಕಗಳ ಮೇಜಿನ ಮೇಲೆ ಇದನ್ನು ನಾನು ಕಂಡಿಲ್ಲ. ‘ಕೋಟೆ’ಯ ಪಕ್ಕದಲ್ಲಿ ಇಡಬೇಕಾದದ್ದು ಇದನ್ನೇ, ಅದೂ ನಡೆಸುವವರ ಕಣ್ಣಿಗೆ ಮೊದಲು ಬೀಳುವಂತೆ.