ಟ್ರೌಟ್‌ಮನ್ಸ್‌ಡಾರ್ಫ್‌ನ ಸಂಧಾನ ಕಲೆ

1645ರ ನವೆಂಬರ್ ಕೊನೆಯಲ್ಲಿ ಮ್ಯೂನ್‌ಸ್ಟರ್‌ಗೆ ಬಂದ ಕೌಂಟ್ ಮ್ಯಾಕ್ಸಿಮಿಲಿಯನ್ ಫಾನ್ ಟ್ರೌಟ್‌ಮನ್ಸ್‌ಡಾರ್ಫ್‌ನ ಬಳಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಮೂರನೆಯ ಫರ್ಡಿನಂಡ್ ಕೈಯಾರೆ ಬರೆದ ಗುಟ್ಟಿನ ಓಲೆಯಿತ್ತು. ಮೊದಲು ಯಾವುದನ್ನು ಬಿಟ್ಟುಕೊಡಬೇಕು, ಆಮೇಲೆ ಯಾವುದನ್ನು, ಬೇರೆ ದಾರಿಯೇ ಇಲ್ಲವೆಂದಾಗ ಯಾವುದನ್ನು ಎಂದೆಲ್ಲ ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಮೂದಾಗಿತ್ತು. ಕೊನೆಯ ಮೆಟ್ಟಿಲು ಗೊತ್ತಿದ್ದೂ ಮೊದಲನೆಯದರ ಮೇಲೆ ಗಟ್ಟಿಯಾಗಿ ನಿಲ್ಲುವುದಿದೆಯಲ್ಲ, ಆ ಸಂಯಮಕ್ಕೆ ನಾನು ಮಾರುಹೋಗಿದ್ದೇನೆ.

ಮೂವತ್ತು ವರ್ಷಗಳ ಯುದ್ಧ ನಿಲ್ಲಿಸುವ ಮಾತುಕತೆ ಎರಡು ಊರುಗಳಲ್ಲಿ ನಡೆದಿತ್ತು. ಫ್ರೆಂಚರು ಮ್ಯೂನ್‌ಸ್ಟರ್‌ನಲ್ಲಿ, ಸ್ವೀಡನ್ನಿನವರು ಸುಮಾರು 50 ಕಿಲೋಮೀಟರ್ ಆಚೆ ಓಸ್ನಾಬ್ರುಕ್‌ನಲ್ಲಿ. ಚಕ್ರವರ್ತಿಯ ಆಸ್ಥಾನದ ಅತ್ಯುನ್ನತ ಅಧಿಕಾರಿಯಾಗಿದ್ದ ಈತ ಎರಡೂ ಕಡೆ ಕೂತು ಮಾತಾಡಿದ. ಪ್ರಾಟೆಸ್ಟಂಟ್ ಮನೆತನದಲ್ಲಿ ಹುಟ್ಟಿ ಕ್ಯಾಥೊಲಿಕನಾದವನಿಗೆ ಎರಡೂ ಬಣಗಳ ಮನಸ್ಸು ತಿಳಿದಿತ್ತೆಂದೇ ನನಗನಿಸುತ್ತದೆ.

ಅತಿ ಕಠಿಣವಾದದ್ದು ಚರ್ಚು, ಮಠಗಳ ಆಸ್ತಿಯ ಜಗಳ. ಪ್ರಾಟೆಸ್ಟಂಟರು 1618ರ ಸ್ಥಿತಿಗೆ ಮರಳಬೇಕೆಂದರು. ಕ್ಯಾಥೊಲಿಕರು ಅದಕ್ಕಿಂತ ಬಹಳ ಈಚಿನ ವರ್ಷಕ್ಕೆ ಪಟ್ಟುಹಿಡಿದರು. ಕೊನೆಗೆ ಕುದುರಿದ್ದು 1624ರ ಜನವರಿ 1. ಅಂದು ಯಾವ ಮಠ ಯಾರ ಕೈಯಲ್ಲಿತ್ತೋ, ಸಾಮ್ರಾಜ್ಯದ ಬಹುಭಾಗದಲ್ಲಿ ಅದು ಅವರದೇ. ಯಾರ ನಂಬಿಕೆ ಸರಿ ಎಂಬ ಪ್ರಶ್ನೆಗೆ ಕೈಹಾಕದೆ, ಸಾಕ್ಷಿ ಹೇಳಿಸಿ ಸಾಬೀತು ಮಾಡಬಹುದಾದ ಒಂದೇ ಒಂದು ದಿನಾಂಕದ ಮೇಲೆ ಶಾಂತಿಯನ್ನು ನಿಲ್ಲಿಸಿದ್ದು ಎಂಥ ಅಚ್ಚುಕಟ್ಟು ಕೆಲಸ!

1647ರ ಜೂನ್‌ನಲ್ಲಿ ಒಪ್ಪಂದದ ಕರಡು ಮುಂದಿಟ್ಟು, ಜುಲೈಯಲ್ಲಿ ಆತ ಹೊರಟುಹೋದ. 1648ರ ಅಕ್ಟೋಬರ್ 24ರಂದು ಸಹಿ ಹಾಕಿದವರು ಬೇರೆಯವರು. ಅವರು ಸಹಿ ಹಾಕಿದ ಒಪ್ಪಂದದ ಬಹುಪಾಲು ಅವನ ಕರಡಿನಲ್ಲೇ ಸಿದ್ಧವಾಗಿತ್ತು.